ವೇಗದ ಸದ್ದು, ಪಯಣದ ಸುಖ

ಗಾಡಿಯ ಅಚ್ಚು ಕಿರುಗುಟ್ಟಿದರೆ ನಮ್ಮ ಹಿರಿಯರು ಕೀಲೆಣ್ಣೆಯನ್ನು ಸವರುತ್ತಿದ್ದರು. ಅದೇ ಹಿರಿಯರು ಎತ್ತಿನ ಕೊರಳಿಗೆ ಗಂಟೆಸರವನ್ನು ತಾವಾಗಿಯೇ ಕಟ್ಟುತ್ತಿದ್ದರು. ಒಂದು ಸದ್ದನ್ನು ಅಡಗಿಸಿ ಇನ್ನೊಂದನ್ನು ಬರಮಾಡಿಕೊಳ್ಳುವ ಈ ನಡತೆಯಲ್ಲಿ ವಿರೋಧವೇನೂ ಅವರಿಗೆ ತೋರಲಿಲ್ಲ. ಕಿರುಗುಟ್ಟುವಿಕೆಯು ಮರ ಸವೆಯುತ್ತಿದೆಯೆಂದು ಹೇಳುತ್ತಿತ್ತು. ಗಂಟೆಯು ಎತ್ತುಗಳು ನಡೆಯುತ್ತಿವೆಯೆಂದು ಹೇಳುತ್ತಿತ್ತು. ರಾತ್ರಿಯ ಪಯಣದಲ್ಲಿ ತೂಕಡಿಸುವ ಗಾಡಿಯವನು ಗಂಟೆ ನಿಂತೊಡನೆ ಎಚ್ಚರಗೊಳ್ಳುತ್ತಿದ್ದನು. ವಾಹನದ ಸದ್ದು ಗುಣವೋ ದೋಷವೋ ಎಂಬುದನ್ನು ವಿಚಾರಿಸ ಹೊರಡುವ ನಾವು ಈ ಎರಡು ಸದ್ದುಗಳನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಸಿಂಗಾನಲ್ಲೂರಿನಲ್ಲಿ ಕುಳಿತು ಸ್ಪೋರ್ಟ್ಸ್ ಕಾರುಗಳ ಮಾತೇಕೆ ಎಂದು ಕೇಳುವವರು ಇರಬಹುದು. ಅಂತಹ ಕಾರನ್ನು ಕೊಳ್ಳುವವರು ನಮ್ಮ ವಾಚಕರಲ್ಲಿ ಇಲ್ಲವೆಂಬುದನ್ನು ನಾವು ಧೈರ್ಯವಾಗಿ ಹೇಳಬಲ್ಲೆವು. ಆದರೆ ಕೊಯಮತ್ತೂರು ಮೋಟಾರಿಗೆ ಪರಕೀಯವಾದ ಊರಲ್ಲ. ಜಿ. ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಒಂದು ಬಸ್ಸನ್ನು ಓಡಿಸಿ ತಮ್ಮ ಸಾರಿಗೆಯನ್ನು ಆರಂಭಿಸಿದ್ದು ಈ ಸೀಮೆಯಲ್ಲಿಯೇ. ಹಗುರವಾದ ಪಂದ್ಯದ ಕಾರುಗಳನ್ನು ಇಲ್ಲಿಯೇ ಕಟ್ಟಿದ ಕರಿವರ್ಧನ್ ಅವರು 1995ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಅವರ ಹೆಸರಿನ ಓಟದ ಹಾದಿಯು 2003ರಲ್ಲಿ ಚೆಟ್ಟಿಪಾಳ್ಯದಲ್ಲಿ ಸಿದ್ಧವಾಯಿತು. 2005ರಲ್ಲಿ ಫಾರ್ಮುಲಾ ಒನ್ ಪಂದ್ಯದಲ್ಲಿ ಕಾರು ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅವರೂ ಈ ಊರಿನವರೇ. ಇದೆಲ್ಲಕ್ಕಿಂತ ಹಳೆಯದು ಕೊಂಗುನಾಡಿನ ರೇಕ್ಲಾ ಪಂದ್ಯ. ಕಾಂಗೇಯಂ ಎತ್ತುಗಳನ್ನು ಹೂಡಿ 200 ಮೀಟರು, 300 ಮೀಟರು ದೂರವನ್ನು ಉಸಿರು ಬಿಗಿಹಿಡಿದು ಓಡಿಸುವ ಆ ಪುಟ್ಟ ಗಾಡಿಯಲ್ಲಿ ಮೆತ್ತೆಯಿಲ್ಲ, ಕಮಾನಿಲ್ಲ, ಒರಗಿಲ್ಲ. ಅದರಲ್ಲಿ ಕುಳಿತು ಪಳನಿಯ ಯಾತ್ರೆಗೆ ಹೋಗೋಣವೆಂದು ಯಾರೂ ಹೇಳುವುದಿಲ್ಲ. ಓಟಕ್ಕೊಂದು ಗಾಡಿ, ಪಯಣಕ್ಕೊಂದು ಗಾಡಿ.

ಸ್ಪೋರ್ಟ್ಸ್ ಕಾರಿನ ಒಡೆಯನಾದರೋ ಈ ಎರಡನ್ನೂ ಒಂದರಲ್ಲಿಯೇ ಬಯಸುತ್ತಾನೆ. ತೊಡಕು ಹುಟ್ಟುವುದು ಅಲ್ಲಿ. ವೇಗಕ್ಕೆ ಹಗುರತನ ಬೇಕು. ಸದ್ದನ್ನು ತಡೆಯುವುದಕ್ಕೆ ಭಾರ ಬೇಕು. ದಪ್ಪ ಗಾಜು, ಬಾಗಿಲಿನೊಳಗಿನ ಮೆತ್ತೆ, ನೆಲದಡಿಯ ಹಾಸು ಇವೆಲ್ಲ ತೂಕವೇ. ತಿರುವಿನಲ್ಲಿ ಜಾರದಂತೆ ಅಗಲವಾದ ಟೈರುಗಳನ್ನು ತೊಡಿಸಿದರೆ ಅವು ರಸ್ತೆಯ ಪ್ರತಿಯೊಂದು ಹರಳನ್ನೂ ಕುರಿತು ವರದಿ ಒಪ್ಪಿಸುತ್ತವೆ. ಚಕ್ರವನ್ನು ಹಿಡಿದಿರುವ ಕೀಲುಗಳಲ್ಲಿನ ರಬ್ಬರನ್ನು ಗಟ್ಟಿಮಾಡಿದರೆ ಆ ವರದಿಯು ಯಾವ ತಡೆಯೂ ಇಲ್ಲದೆ ಕುಳಿತವನ ಬೆನ್ನೆಲುಬನ್ನು ತಲುಪುತ್ತದೆ. ಗಾಳಿಯ ಸದ್ದಿನ ಲೆಕ್ಕವು ಇನ್ನೂ ಕಠಿನವಾದುದು. ಅದರ ಶಕ್ತಿಯು ವೇಗದ ಸುಮಾರು ಆರನೆಯ ಘಾತದಂತೆ ಬೆಳೆಯುತ್ತದೆ. ವೇಗವು ಇಮ್ಮಡಿಯಾದರೆ ಸದ್ದಿನ ಶಕ್ತಿಯು ಅರುವತ್ತನಾಲ್ಕು ಮಡಿಯಾಗುತ್ತದೆ, ಅಂದರೆ 18 ಡೆಸಿಬೆಲ್ ಏರುತ್ತದೆ. ಡೆಸಿಬೆಲ್ಲಿನ ಏಣಿಯಲ್ಲಿ ಹತ್ತು ಮೆಟ್ಟಿಲು ಹತ್ತಿದರೆ ಶಕ್ತಿಯು ಹತ್ತು ಮಡಿಯಾಗುವುದೆಂದೂ, ಕಿವಿಗೆ ಅದು ಸುಮಾರು ಎರಡು ಮಡಿಯಾಗಿ ತೋರುವುದೆಂದೂ ವಿದ್ಯಾರ್ಥಿಗಳು ಇಲ್ಲಿ ಗಮನಿಸಬಹುದು.

ಕೆಲವರು ಈ ತೊಡಕನ್ನು ನಿಷ್ಠುರವಾಗಿಯೇ ಬಗೆಹರಿಸಿಕೊಂಡರು. ಇಟಲಿಯ ಫೆರಾರಿ ಸಂಸ್ಥೆಯು 1987ರಲ್ಲಿ ಹೊರತಂದ ಎಫ್ 40 ಕಾರಿನಲ್ಲಿ ನೆಲಹಾಸಿರಲಿಲ್ಲ, ರೇಡಿಯೋ ಇರಲಿಲ್ಲ. ಒಳಗಿನಿಂದ ಬಾಗಿಲು ತೆರೆಯಲು ಒಂದು ಹುರಿಯನ್ನು ಎಳೆಯಬೇಕಾಗಿತ್ತು. ಸಂನ್ಯಾಸಿಯ ಪರ್ಣಕುಟಿಯಂತಹ ಆ ಗೂಡಿಗೆ ರಾಜರು ಕೊಡುವ ಬೆಲೆ! ಜರ್ಮನಿಯ ಪೋರ್ಷೆ ಸಂಸ್ಥೆಯು 2017ರಲ್ಲಿ ತೋರಿಸಿದ 911 ಕರೇರಾ ಟಿ ಎಂಬ ಕಾರಿನಲ್ಲಿ ಸದ್ದು ತಡೆಯುವ ಹೊದಿಕೆ ಕಡಿಮೆ, ಗಾಜು ತೆಳು, ಬೆಲೆ ಮಾತ್ರ ಸಾಮಾನ್ಯ ಕರೇರಾಕ್ಕಿಂತ ಹೆಚ್ಚು. ಕಡಿಮೆ ಕೊಟ್ಟು ಹೆಚ್ಚು ಪಡೆಯುವ ವ್ಯಾಪಾರವನ್ನು ನಾವು ಲೋಭವೆಂದು ಮೂದಲಿಸುತ್ತೇವೆ. ಕೊಳ್ಳುವವನೇ ಸಂತೋಷದಿಂದ ಅದಕ್ಕೆ ಒಪ್ಪಿದರೆ ಏನೆಂದು ಕರೆಯೋಣ?

ಇದನ್ನು ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸದ್ದಿನಿಂದಾಗುವ ನೋವು ಅದರ ಗಾತ್ರವನ್ನಷ್ಟೇ ಅವಲಂಬಿಸಿರುವುದಿಲ್ಲ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನಾಡುವ ದೇವಾಂಗ ನೇಕಾರರ ಕುಟುಂಬಗಳು ಬಹಳ. ಕೈಮಗ್ಗದ ಲಾಳಿಯ ಸದ್ದಿಗೆ ಅಲ್ಲಿನ ಕೂಸು ನಿದ್ದೆ ಹೋಗುತ್ತದೆ. ನೇಯುವವನ ಕೈಯೇ ಆ ಸದ್ದಿನ ಒಡೆಯ, ಕೈ ನಿಂತರೆ ಸದ್ದೂ ನಿಲ್ಲುತ್ತದೆ. ವಿದ್ಯುತ್ ಮಗ್ಗಗಳ ಕೊಟ್ಟಿಗೆಯಲ್ಲಿಯಾದರೋ ಹಾಗಲ್ಲ. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮೇರೆಯೆಂದು ನಮ್ಮ ದೇಶದ ನಿಯಮವಿದೆ. ಲಾಳಿಯ ಮಗ್ಗಗಳು ನೂರಾರು ಒಟ್ಟಿಗೆ ಆಡುವೆಡೆಯಲ್ಲಿ ಆ ಮೇರೆಯನ್ನು ದಾಟುವುದು ಅಪೂರ್ವವಲ್ಲ. ಅಲ್ಲಿ ವರುಷಗಟ್ಟಲೆ ದುಡಿದವನು ಮನೆಯಲ್ಲಿ ಹೆಂಡತಿಯ ಮೆಲುದನಿಯನ್ನು ಕೇಳಲಾರದೆ ಹೋಗುತ್ತಾನೆ. ಗಂಟೆಗೆ ನೂರು ಕಿಲೋಮೀಟರು ಓಡುವ ಸ್ಪೋರ್ಟ್ಸ್ ಕಾರಿನೊಳಗೆ ಸದ್ದು ಸುಮಾರು 70ರಿಂದ 75 ಡೆಸಿಬೆಲ್ ಇರುತ್ತದೆ. ಗಿರಣಿಯ ಲೆಕ್ಕದಲ್ಲಿ ಅದು ಪಿಸುಮಾತಿಗೆ ಸಮ! ಒಬ್ಬನು ಹಣ ಕೊಟ್ಟು ಸದ್ದನ್ನು ಕೊಳ್ಳುತ್ತಾನೆ, ಸಾಕಾದಾಗ ಇಳಿದು ಹೋಗುತ್ತಾನೆ. ಇನ್ನೊಬ್ಬನು ಹಣಕ್ಕಾಗಿ ಸದ್ದನ್ನು ಹೊರುತ್ತಾನೆ, ಶಂಖವಾಗುವವರೆಗೆ ಇಳಿಯಲಾರನು. ಇವೆರಡಕ್ಕೂ ಸದ್ದು ಎಂಬ ಒಂದೇ ಹೆಸರಿರುವುದು ಭಾಷೆಯ ಬಡತನವೇ ಸರಿ.

ಆದರೂ ದೂರದ ಪಯಣದಲ್ಲಿ ಒಲಿದು ಕೊಂಡ ಸದ್ದೂ ಹಗೆಯಾಗುತ್ತದೆ. ಅರ್ಧ ಗಂಟೆ ಹಿತವಾಗಿದ್ದ ಎಂಜಿನಿನ ಗರ್ಜನೆಯು ಐದನೆಯ ಗಂಟೆಗೆ ತಲೆಯೊಳಗಿನ ಬಡಿತವಾಗುತ್ತದೆ. ಏರಿಳಿತವಿಲ್ಲದ ಕೆಳಸ್ಥಾಯಿಯ ಮೊರೆತವು ಕಿವಿಗೆ ಅಷ್ಟಾಗಿ ತಿಳಿಯದಂತೆಯೇ ಆಯಾಸವನ್ನು ತುಂಬುತ್ತದೆ. ಆಯಾಸಗೊಂಡ ಚಾಲಕನು ಅಪಾಯಕಾರಿ. ಆದ್ದರಿಂದ ಒಳಗಿನ ಶಾಂತಿಯನ್ನು ಬರಿಯ ವಿಲಾಸವೆಂದು ಹೇಳಲಾಗದು. ಇದಕ್ಕಾಗಿ ಯಂತ್ರಜ್ಞರು ಹುಡುಕಿದ ಉಪಾಯಗಳು ಸ್ವಾರಸ್ಯವಾದುವು: ಎರಡು ಪದರದ ಗಾಜು, ಟೈರಿನೊಳಗೆ ಅಂಟಿಸಿದ ನುರುಗುಮೆತ್ತೆ, ಬಂದ ಅಲೆಗೆ ಸರಿಯಾಗಿ ಎದುರಲೆಯನ್ನು ಕಳುಹಿಸಿ ಕೆಳಸ್ಥಾಯಿಯ ಮೊರೆತವನ್ನು ತಗ್ಗಿಸುವ ಧ್ವನಿವರ್ಧಕ.

ಆ ಧ್ವನಿವರ್ಧಕಗಳಿಗೇ ಇನ್ನೊಂದು ಕೆಲಸವನ್ನೂ ಹಚ್ಚಿದ್ದಾರೆ. 2011ರಲ್ಲಿ ಬಂದ ಬಿ.ಎಂ.ಡಬ್ಲ್ಯು. ಸಂಸ್ಥೆಯ ಎಂ 5 ಕಾರಿನಲ್ಲಿ ಎಂಜಿನಿನ ನಾದವನ್ನು ಒಳಗೆ ಧ್ವನಿವರ್ಧಕದಿಂದಲೇ ನುಡಿಸಿದರು. ಒಂದು ಕೈಯಿಂದ ನಿಜವಾದ ಸದ್ದನ್ನು ಹೊರಗಟ್ಟಿ ಇನ್ನೊಂದು ಕೈಯಿಂದ ಅದರ ಪ್ರತಿಮೆಯನ್ನು ಒಳಗೆ ಪ್ರತಿಷ್ಠಾಪಿಸಿದಂತಾಯಿತು. ಇದು ಸುಳ್ಳೆ? ಸಂಗೀತ ಕಚೇರಿಗಳಲ್ಲಿ ತಂಬೂರಿಯ ಬದಲು ವಿದ್ಯುತ್ ಶ್ರುತಿಪೆಟ್ಟಿಗೆ ಕುಳಿತಿರುವುದನ್ನು ನಾವು ಕಾಣುತ್ತೇವೆ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಅದು ತಾನು ತಂಬೂರಿಯೆಂದು ವೇಷ ಹಾಕದೆ ಪೆಟ್ಟಿಗೆಯಾಗಿಯೇ ಎಲ್ಲರ ಕಣ್ಣೆದುರಿಗೆ ಕುಳಿತಿರುತ್ತದೆ. ಕಾರಿನ ಧ್ವನಿವರ್ಧಕವಾದರೋ ಎಂಜಿನಿನ ವೇಷದಲ್ಲಿ ಬರುತ್ತದೆ. ಒಡೆಯನಿಗೆ ವಿಷಯವು ತಿಳಿದಿದ್ದರೆ ಅದು ಆಟ, ತಿಳಿಯದಿದ್ದರೆ ಮೋಸ ಎಂದಷ್ಟೇ ನಾವು ಹೇಳಬಹುದು. ಹೆಚ್ಚು ವಾದಕ್ಕೆ ಈ ವಿಷಯ ಯೋಗ್ಯವೆಂದು ತೋರುವುದಿಲ್ಲ.

ಹೆಚ್ಚು ಗಂಭೀರವಾದುದು ನಿಶ್ಶಬ್ದದ ಪ್ರಶ್ನೆ. ಗಂಟೆಗೆ ಅರುವತ್ತು ಮೈಲಿ ವೇಗದಲ್ಲಿಯೂ ಒಳಗಿನ ಅತಿ ದೊಡ್ಡ ಸದ್ದು ಗಡಿಯಾರದ್ದೆಂದು ರೋಲ್ಸ್ ರಾಯ್ಸ್ ಕಾರನ್ನು ಕುರಿತು 1958ರಲ್ಲಿ ಡೇವಿಡ್ ಓಗಿಲ್ವಿ ಎಂಬವರು ಬರೆದ ಜಾಹೀರಾತು ಪ್ರಸಿದ್ಧವಾಗಿದೆ. ಅದೇ ಸಂಸ್ಥೆಯು 2020ರಲ್ಲಿ ಘೋಸ್ಟ್ ಎಂಬ ಹೊಸ ಕಾರನ್ನು ರೂಪಿಸುವಾಗ ನೂರು ಕಿಲೋಗ್ರಾಮಿಗೂ ಮೀರಿದ ಸದ್ದುತಡೆಯನ್ನು ತುಂಬಿತು. ಒಳಗೆ ಕುಳಿತವರಿಗೆ ಆ ಮೌನವೇ ದಿಕ್ಕುಗೆಡಿಸುವಂತಾಯಿತೆಂದೂ, ಕೊನೆಗೆ ಯಂತ್ರಜ್ಞರೇ ಒಂದು ಮೆಲುಸ್ವರವನ್ನು ಉಳಿಸಿಕೊಳ್ಳಬೇಕಾಯಿತೆಂದೂ ಸಂಸ್ಥೆಯು ಹೇಳಿಕೊಂಡಿತು. ನಗೆ ಬರುವ ಮಾತು. ಆದರೆ ಇದರಲ್ಲಿ ಒಂದು ತತ್ತ್ವವಿದೆ. ಕಿವಿಗೆ ಸದ್ದು ಕಡಿಮೆಯಾದಷ್ಟೂ ಚಾಲಕನು ತನ್ನ ವೇಗವನ್ನು ಕಡಿಮೆಯೆಂದು ಎಣಿಸುತ್ತಾನೆಂಬುದು ಪ್ರಯೋಗಗಳಿಂದ ತಿಳಿದ ಸಂಗತಿ. ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ರೂಪಿಸಿತು. ಕುದುರೆಯ ಖುರಪುಟವೇ ಕೇಳದಂತೆ ಸಾರಥಿಯ ಕಿವಿಗೆ ಅರಳೆ ಇಟ್ಟರೆ ರಥವು ಎತ್ತ ಹೋದೀತು?

ಗಾಜಿನ ಆಚೆಗೂ ಜನರಿದ್ದಾರೆ. ಅನೇಕ ಸ್ಪೋರ್ಟ್ಸ್ ಕಾರುಗಳ ಹೊಗೆಕೊಳವೆಯಲ್ಲಿ ಒಂದು ತೆರಪಿರುತ್ತದೆ. ಮುಚ್ಚಿದಾಗ ಕಾರು ಸೌಮ್ಯ, ತೆರೆದಾಗ ರೌದ್ರ. ದಪ್ಪ ಗಾಜಿನೊಳಗೆ ಕುಳಿತವನಿಗೆ ಅದು ಹದವಾಗಿ ಸೋಸಿ ಬಂದ ಸಂಗೀತ. ಬೀದಿಯ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗನಿಗೆ ಅದು ಸೋಸದೆ ಬಂದ ಆಘಾತ. ವಾಸದ ಬೀದಿಗಳಲ್ಲಿ ಹಗಲು 55, ಇರುಳು 45 ಡೆಸಿಬೆಲ್ ಎಂದು 2000ದ ನಿಯಮಗಳು ಗೊತ್ತುಪಡಿಸಿವೆ. ಹಳೆಯ ಹಗುರ ಕಾರಿನವನು ತಾನು ಲೋಕಕ್ಕೆ ಕೊಟ್ಟ ಗದ್ದಲದಲ್ಲಿ ತಾನೂ ಪಾಲುಗೊಳ್ಳುತ್ತಿದ್ದನು. ಆ ಮಟ್ಟಿಗೆ ಅವನಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಈಗಿನ ಕಾರು ಸುಖವನ್ನು ಒಳಗಿಟ್ಟು ಗದ್ದಲವನ್ನು ಹೊರಗಿಡುತ್ತದೆ. ತನ್ನ ಕೃತ್ಯದ ಫಲವು ತನ್ನ ಕಿವಿಗೇ ಬೀಳದಂತೆ ಮಾಡಿಕೊಂಡ ಸುಖವನ್ನು ನಾವು ನಿರ್ದೋಷವೆಂದು ಒಪ್ಪಲಾರೆವು. ವಿದ್ಯುತ್ ಕಾರುಗಳಲ್ಲಿ ತೊಡಕು ತಿರುವುಮುರುವಾಗಿದೆ. ಅವು ಸದ್ದಿಲ್ಲದೆ ಬಂದು ಕುರುಡರಿಗೂ ಮಕ್ಕಳಿಗೂ ಅಪಾಯವಾಗುವುದೆಂದು, 2021ರ ಜುಲೈಯಿಂದ ಯೂರೋಪಿನ ಒಕ್ಕೂಟದಲ್ಲಿ ಮಾರುವ ಹೊಸ ವಿದ್ಯುತ್ ಕಾರುಗಳೆಲ್ಲವೂ ನಿಧಾನವಾಗಿ ಚಲಿಸುವಾಗ ಸದ್ದು ಮಾಡಲೇಬೇಕೆಂದು ವಿಧಿಸಿದ್ದಾರೆ. ಎತ್ತಿನ ಕೊರಳ ಗಂಟೆಯನ್ನು ಕಾನೂನೇ ಕಟ್ಟಿತೆನ್ನಬಹುದು.

ನಮ್ಮಿಂದ ಕನ್ನಡನಾಡಿಗೆ ಹೋಗುವ ಹತ್ತಿರದ ಹಾದಿಯು ಸತ್ಯಮಂಗಲದ ಮೇಲೆ ದಿಂಬಂ ಘಟ್ಟವನ್ನು ಏರಿ ಚಾಮರಾಜನಗರಕ್ಕೆ ಇಳಿಯುತ್ತದೆ. 27 ಕಡುತಿರುವುಗಳು, ಸುತ್ತಲೂ ಹುಲಿ ಆನೆಗಳ ಕಾಡು. ಪ್ರಾಣಿಗಳ ಹಿತಕ್ಕಾಗಿ 2022ರ ಫೆಬ್ರವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಅಲ್ಲಿ ರಾತ್ರಿಯ ಸಂಚಾರಕ್ಕೆ ಕಟ್ಟುಪಾಡು ಬಂದಿತು. ಈ ಹಾದಿಯಲ್ಲಿ ಸ್ಪೋರ್ಟ್ಸ್ ಕಾರು ಕಾಣುವುದು ವಿರಳ, ಲಾರಿಗಳೇ ಹೆಚ್ಚು. ದೂರದ ಪಯಣದ ಸುಖವನ್ನು ಕುರಿತು ನಿಜವಾಗಿ ಮಾತನಾಡಲು ಹಕ್ಕುಳ್ಳವನು ಲಾರಿಯ ಚಾಲಕನು. ವರುಷದ ಹಲವು ರಾತ್ರಿಗಳನ್ನು ಅವನು ಎಂಜಿನಿನ ಬಿಸಿ ಮೈಗೆ ತಾಗುವಷ್ಟು ಹತ್ತಿರ, ಕಿಟಕಿಯನ್ನು ತೆರೆದಿಟ್ಟು, ಎದುರು ಬರುವ ಹಾರನ್ನುಗಳ ನಡುವೆ ಕಳೆಯುತ್ತಾನೆ. ಕಾರಿನವನು ವಾರಕ್ಕೊಮ್ಮೆ ಬಯಸುವ ಶಾಂತಿಯು ಇವನಿಗೆ ದಿನವೂ ಬೇಕಾದುದು. ಎರಡು ಪದರದ ಗಾಜೂ ನುರುಗುಮೆತ್ತೆಯೂ ಮೊದಲು ಯಾರ ಬಾಗಿಲಿಗೆ ಹೋದುವು ಎಂಬುದನ್ನು ನೋಡಿದರೆ ವಿದ್ಯೆಯು ಯಾವ ದಿಕ್ಕಿಗೆ ಹರಿಯುತ್ತದೆಂಬುದು ಗೊತ್ತಾಗುತ್ತದೆ.

ಮೂರುವರೆ ಟನ್ನಿಗೆ ಮೀರಿದ ಸರಕು ವಾಹನಗಳ ಚಾಲಕನ ಗೂಡಿಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರವು 2023ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಗೂಡು ತಂಪಾದರೆ ಕಿಟಕಿಯನ್ನು ಮುಚ್ಚಬಹುದು. ಮುಚ್ಚಿದರೆ ಸದ್ದೂ ಧೂಳೂ ಅರ್ಧಕ್ಕರ್ಧ ಹೊರಗುಳಿಯುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾದ ವಾಹನಗಳಿಗೆ ಇದು ಅನ್ವಯಿಸುತ್ತದೆ. ಅದಕ್ಕೂ ಮುಂಚಿನ ಲಾರಿಗಳು ಕಿಟಕಿ ತೆರೆದುಕೊಂಡೇ ದಿಂಬವನ್ನು ಏರುತ್ತಿವೆ.