ಮುಂದಿನ ಪಾಠದ ಹಕ್ಕು

ಆರು ವರ್ಷದ ಮಗುವಿನ ಬುದ್ಧಿಯನ್ನು ಪರೀಕ್ಷಿಸಿ ಶಾಲೆಗೆ ಆರಿಸಿಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯುವಂತಿಲ್ಲ, ಹಿಡಿದರೆ ಮೊದಲ ಸಲ 25,000 ರೂಪಾಯಿಯವರೆಗೆ, ಆಮೇಲೆ ಪ್ರತಿ ಸಲವೂ 50,000 ರೂಪಾಯಿಯವರೆಗೆ ದಂಡ. ಆದರೂ ಥಾಣೆಯ ಘೋಡ್‌ಬಂದರ್ ರಸ್ತೆಯಿಂದ ನವಿ ಮುಂಬಯಿಯ ನೆರೂಲ್, ಖಾರ್‌ಘರ್‌ವರೆಗೆ, ಡೊಂಬಿವಲಿ, ಕಲ್ಯಾಣದ ಹೊಸ ಟವರುಗಳಲ್ಲಿ, ಚಳಿಗಾಲ ಬಂತೆಂದರೆ ಮನೆಮನೆಯ ಮಾತು ಒಂದೇ: ನಮ್ಮ ಮಗು ಚುರುಕು, ಯಾವ ಶಾಲೆಗೆ ಹಾಕೋಣ? ಪರೀಕ್ಷೆ ಎನ್ನುವ ಹೆಸರು ಹೋದರೂ ಅದರ ಜಾಗಕ್ಕೆ ‘ಇಂಟರಾಕ್ಷನ್’ ಬಂದಿದೆ, ಎಲ್ಲಕ್ಕಿಂತ ನಿಖರವಾದ ಜರಡಿಯಾಗಿ ಫೀಸು ಕೂತಿದೆ. ಅಲ್ಲಿಂದ ಮುಂದೆ ಸ್ಕಾಲರ್‌ಶಿಪ್ ಪರೀಕ್ಷೆ, ಅಂಕ ನೋಡಿ ಕೂರಿಸುವ ಸೆಮಿ-ಇಂಗ್ಲಿಷ್ ವರ್ಗ, 1981ರಿಂದ ಮುಂಬಯಿಯ ವಿಜ್ಞಾನ ಅಧ್ಯಾಪಕರು ನಡೆಸುತ್ತಿರುವ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ, ಕೊನೆಗೆ ಐಐಟಿ ಫೌಂಡೇಶನ್. ಆಯ್ಕೆಯನ್ನು ಕಾನೂನು ಬಾಗಿಲಿನಿಂದ ಓಡಿಸಿತು. ನಾವು ಕಿಟಕಿಯಿಂದ ಒಳಗೆ ಕರೆದುಕೊಂಡೆವು.

ಈ ಆಸೆಯನ್ನು ಬರೀ ಪ್ರತಿಷ್ಠೆಯ ಹುಚ್ಚು ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಬೇಗ ಕಲಿಯುವ ಮಗುವಿಗೆ ಒಂದು ನಿಜವಾದ ಹಕ್ಕಿದೆ. ಗೊತ್ತಿರುವ ಮಗ್ಗಿಯನ್ನೇ ವರ್ಷವಿಡೀ ಒಪ್ಪಿಸುತ್ತ ಕೂರದೆ, ಅದರ ಮುಂದಿನ ಪಾಠವನ್ನು ಪಡೆಯುವ ಹಕ್ಕು ಅದು. ನಾನು ವಾದಿಸಹೊರಟಿರುವುದು ಇಷ್ಟೇ: ಆ ಹಕ್ಕು ಬೇರೆ ಶಾಲೆಯ ಮೇಲಿನ ಹಕ್ಕು ಆಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಆರಿಸಬೇಕಾದ್ದು ವಿಷಯವನ್ನು, ಮಗುವನ್ನಲ್ಲ. ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಈ ಊರುಗಳ ತಂದೆತಾಯಿ ದುಬಾರಿ ಬೆಲೆ ತೆತ್ತು ಬೇಡದ ವಸ್ತುವನ್ನು ಕೊಳ್ಳುತ್ತಿದ್ದಾರೆ.

ಆರನೆಯ ವಯಸ್ಸಿನಲ್ಲಿ ಮಾಡುವ ಆಯ್ಕೆ ನಿಜಕ್ಕೂ ಏನನ್ನು ಅಳೆಯುತ್ತದೆ? ಮಹಾರಾಷ್ಟ್ರದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಆ ವರ್ಷದ ಡಿಸೆಂಬರ್ 31ರೊಳಗೆ ಆರು ತುಂಬಬೇಕು. ಅಂದರೆ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಐದೂವರೆ ವರ್ಷದ ಆಯುಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಸಣ್ಣ ಅಂತರವೇನಲ್ಲ. ಆ ಅಂತರವನ್ನು ನಾವು ಜಾಣತನ ಎಂದು ಓದಿಕೊಳ್ಳುತ್ತೇವೆ. ಭಾಷೆಯದು ಇನ್ನೊಂದು ತೊಡಕು. ಡೊಂಬಿವಲಿಯ ಕರಾವಳಿ ಮೂಲದ ಮನೆಯೊಂದರಲ್ಲಿ ಮಗು ಅಮ್ಮನ ಜೊತೆ ತುಳು, ಅಜ್ಜಿಯ ಜೊತೆ ಕನ್ನಡ, ಕೆಳಗೆ ಆಟದಲ್ಲಿ ಮರಾಠಿ, ಟಿವಿಯ ಮುಂದೆ ಹಿಂದಿ ಬಳಸುತ್ತದೆ. ನಾಲ್ಕು ಭಾಷೆಗಳ ನಡುವೆ ಎಡವದೆ ಓಡಾಡುವ ಈ ಮಗು ಇಂಗ್ಲಿಷ್ ಮಾತುಕತೆಯ ಕೋಣೆಯಲ್ಲಿ ತಡವರಿಸಿದರೆ ಅದರ ಲೆಕ್ಕದಲ್ಲಿ ಬೀಳುವುದು ‘ಸ್ವಲ್ಪ ನಿಧಾನ’ ಎಂಬ ಷರಾ. ಹೀಗೆ ಅಳತೆಗೆ ಸಿಗುವುದರಲ್ಲಿ ಹುಟ್ಟಿದ ತಿಂಗಳು ಎಷ್ಟು, ಮನೆಯ ಇಂಗ್ಲಿಷ್ ಎಷ್ಟು, ಮಗುವಿನದೇ ಬುದ್ಧಿ ಎಷ್ಟು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಜೊತೆಗೆ, ಆಯ್ಕೆ ಎಂದರೆ ಇವತ್ತಿನ ಅಳತೆ ಮಾತ್ರವಲ್ಲ, ನಾಳಿನ ಭವಿಷ್ಯವಾಣಿಯೂ ಹೌದು. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಸಾವಿರಕ್ಕೂ ಹೆಚ್ಚು ಅಸಾಧಾರಣ ಮಕ್ಕಳನ್ನು ಬುದ್ಧಿಪರೀಕ್ಷೆಯ ಮೂಲಕ ಹೆಕ್ಕಿ, ಅವರ ಬದುಕಿಡೀ ಬೆನ್ನುಹತ್ತುವ ಅಧ್ಯಯನ ಶುರುಮಾಡಿದ. ಅವನ ಅಳತೆಗೆ ನಿಲುಕದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಇದ್ದರು. ಇಬ್ಬರಿಗೂ ಮುಂದೆ ಭೌತವಿಜ್ಞಾನದ ನೊಬೆಲ್ ಬಂತು, ಆರಿಸಿದವರಲ್ಲಿ ಒಬ್ಬರಿಗೂ ಬರಲಿಲ್ಲ. ಟರ್ಮನ್ನನ ಮಕ್ಕಳು ಒಟ್ಟಾರೆ ಚೆನ್ನಾಗಿಯೇ ಬಾಳಿದರು ಎನ್ನುವುದನ್ನೂ ಹೇಳಬೇಕು. ಪರೀಕ್ಷೆ ಪೂರ್ತಿ ಕುರುಡಲ್ಲ. ಬಾಗಿಲು ಮುಚ್ಚುವ ಅಧಿಕಾರ ಕೊಡುವಷ್ಟು ಅದರ ಕಣ್ಣು ಚುರುಕಾಗಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವ ಗಾದೆಗೆ ಮುಂಬಯಿ ಕನ್ನಡಿಗರ ಚರಿತ್ರೆಯೇ ಅಷ್ಟೊಂದು ಒಪ್ಪಿಗೆ ಕೊಡುವುದಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಉಚಿತ ರಾತ್ರಿಶಾಲೆ ತೆರೆದಿತ್ತು. ಆಮೇಲೆ ಬಿಲ್ಲವರ ಗುರುನಾರಾಯಣ ರಾತ್ರಿಶಾಲೆಯಂಥವು ಬಂದವು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ರಾತ್ರಿ ಪುಸ್ತಕ ಬಿಚ್ಚಿದ ಹುಡುಗರನ್ನು ಯಾರೂ ಆರನೆಯ ವಯಸ್ಸಿನಲ್ಲಿ ಅಳೆದಿರಲಿಲ್ಲ. ಅಳೆದಿದ್ದರೂ ಅವರ ಹೆಸರು ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಅವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ, ಲೇಖಕರಾದವರಿದ್ದಾರೆ. ಇದನ್ನು ಹೇಳಿ ಕಷ್ಟವನ್ನು ಕೊಂಡಾಡುವ ಚಪಲ ನನಗಿಲ್ಲ. ಗೆದ್ದವರ ಕಥೆ ನಮ್ಮ ಕಿವಿಗೆ ಬಿದ್ದಿದೆ, ನಿದ್ದೆಗಣ್ಣಿನಲ್ಲೇ ಓದು ಬಿಟ್ಟವರ ಲೆಕ್ಕ ಯಾರ ಬಳಿಯೂ ಇಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ: ಬುದ್ಧಿ ಹದಿನಾಲ್ಕಕ್ಕೆ ಮೊಳೆಯಬಹುದು, ಇಪ್ಪತ್ತಕ್ಕೂ ಮೊಳೆಯಬಹುದು, ಹೀಗಾಗಿ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಎಷ್ಟು ಬೇಗ ತೆರೆಯುತ್ತದೆ ಎಂಬುದಕ್ಕಿಂತ ಮುಖ್ಯ.

ಗಂಭೀರವಾಗಿ ಆಯ್ಕೆ ಮಾಡುವವರೂ ಇದನ್ನು ಬಲ್ಲರು. ಪುಣೆಯಲ್ಲಿ 1962ರಲ್ಲಿ ಅಪ್ಪಾ ಪೆಂಡ್ಸೆ ಕಟ್ಟಿದ ಜ್ಞಾನ ಪ್ರಬೋಧಿನಿ ಪ್ರತಿಭಾವಂತ ಮಕ್ಕಳಿಗೆಂದೇ 1969ರಲ್ಲಿ ಪ್ರಶಾಲೆ ತೆರೆಯಿತು. ಅಲ್ಲಿಗೆ ಪ್ರವೇಶ ಐದನೇ ತರಗತಿಗೆ. ಕೇಂದ್ರದ ನವೋದಯ ವಿದ್ಯಾಲಯಗಳು, ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರನೇ ತರಗತಿಗೆ ಪರೀಕ್ಷೆ ಇಟ್ಟಿವೆ. ಆಯ್ಕೆಯನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳು ಹತ್ತು ಹನ್ನೊಂದರವರೆಗೆ ಕಾಯುತ್ತಿರುವಾಗ ನರ್ಸರಿಯ ಬಾಗಿಲಲ್ಲಿ ನಾವು ತೋರುವ ಆತುರಕ್ಕೆ ವಿವರಣೆಯನ್ನು ಶಿಕ್ಷಣಶಾಸ್ತ್ರದಲ್ಲಿ ಹುಡುಕುವುದು ವ್ಯರ್ಥ.

ಸರಿ, ಹತ್ತರ ನಂತರವೇ ಆರಿಸಿದರೂ ಆಯ್ದ ಶಾಲೆ ಮಗುವಿಗೆ ಏನು ಕೊಡುತ್ತದೆ? ಬೋಸ್ಟನ್ ಮತ್ತು ನ್ಯೂಯಾರ್ಕಿನ ಪ್ರಸಿದ್ಧ ಪ್ರವೇಶಪರೀಕ್ಷೆಯ ಶಾಲೆಗಳ ಬಗ್ಗೆ ಅಬ್ದುಲ್ಕಾದಿರೊಗ್ಲು, ಆಂಗ್ರಿಸ್ಟ್, ಪಾಠಕ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಡಿ ಅಂಕವನ್ನು ಕೂದಲೆಳೆಯಲ್ಲಿ ದಾಟಿ ಒಳಹೋದವರನ್ನೂ ಕೂದಲೆಳೆಯಲ್ಲಿ ಅವಕಾಶ ತಪ್ಪಿಹೋಗಿ ಸಾಮಾನ್ಯ ಶಾಲೆಯಲ್ಲಿ ಓದಿದವರನ್ನೂ ಅವರು ಹೋಲಿಸಿದರು. ಎರಡೂ ಗುಂಪಿನ ಮಕ್ಕಳು ಪರೀಕ್ಷೆಯ ದಿನ ಸರಿಸುಮಾರು ಒಂದೇ. ಮುಂದಿನ ವರ್ಷಗಳ ಅಂಕಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊಳೆಯುವ ಫಲಿತಾಂಶ ಹೊಳೆಯುವ ಮಕ್ಕಳನ್ನು ಹೆಕ್ಕಿದ್ದರ ಫಲ ಎಂಬ ಅನುಮಾನಕ್ಕೆ ಇದರಿಂದ ಬಲ ಬರುತ್ತದೆ. ಅದು ಗಡಿಯಲ್ಲಿ ನಿಂತ, ಇನ್ನಷ್ಟು ದೊಡ್ಡ ಮಕ್ಕಳ ಮಾತು. ಎಲ್ಲ ಮಕ್ಕಳಿಗೂ ಎಳೆದು ಹಚ್ಚಬಾರದು. ಆದರೆ ಶಾಲೆಯ ಗೇಟಿನ ಮೇಲೆ ರ‍್ಯಾಂಕಿನ ಫೋಟೊಗಳಿರುವ ಫ್ಲೆಕ್ಸ್ ನೋಡಿ ಕಣ್ಣರಳಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಆಯ್ದವರ ನಡುವೆ ಕೂತ ಮಗುವಿಗೆ ತನ್ನ ಬಗೆಗಿನ ಭರವಸೆ ಕುಗ್ಗಬಹುದು ಎಂಬುದನ್ನು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಹಲವು ದೇಶಗಳಲ್ಲಿ ತೋರಿಸಿದ್ದಾರೆ. ಇನ್ನು ಸಿಂಗಪುರ: 1984ರಿಂದ ಮೂರನೇ ತರಗತಿಯಲ್ಲೇ ಮಕ್ಕಳನ್ನು ಜರಡಿ ಹಿಡಿದು ಒಂಬತ್ತು ಶಾಲೆಗಳಲ್ಲಿ ಕೂಡಿಸುತ್ತಿದ್ದ ದೇಶ ಅದು. 2024ರ ಆಗಸ್ಟಿನಲ್ಲಿ ಆ ಏರ್ಪಾಟನ್ನು ಕೈಬಿಟ್ಟು, ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಚುರುಕಾದ ಮಕ್ಕಳಿಗೆ ಹೆಚ್ಚಿನ ಪಾಠ ಸಿಗುವಂತೆ ಮಾಡುವುದಾಗಿ ಸಾರಿತು.

ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಗಟ್ಟಿ ಸಾಕ್ಷ್ಯವಿದೆ, ಅದನ್ನು ಬಚ್ಚಿಡುವುದು ಸರಿಯಲ್ಲ. ಅರ್ಥಶಾಸ್ತ್ರಜ್ಞರಾದ ಡುಫ್ಲೊ, ಡುಪಾಸ್, ಕ್ರೆಮರ್ ಕೀನ್ಯಾದ 121 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ಕಲಿಕೆಯ ಮಟ್ಟದಂತೆ ಎರಡು ವರ್ಗ ಮಾಡಿದರು, ಉಳಿದ ಕಡೆ ಚೀಟಿ ಎತ್ತಿದಂತೆ ಬೆರೆಸಿದರು. ಮಟ್ಟದಂತೆ ಕೂರಿಸಿದ ಕಡೆ ಮುಂದಿದ್ದವರೂ ಹಿಂದಿದ್ದವರೂ ಹೆಚ್ಚು ಕಲಿತರು. ಹಾಗಾದರೆ ಬೇರ್ಪಡಿಸುವುದೇ ಸರಿಯಲ್ಲವೇ ಎಂದು ಕೇಳಬಹುದು. ಆದರೆ ಅಲ್ಲಿ ಯಾವ ಮಗುವೂ ಶಾಲೆ ಬದಲಿಸಲಿಲ್ಲ, ಗೋಡೆಯಾಚೆಗಿನ ಕೋಣೆಗೆ ಹೋಯಿತು ಅಷ್ಟೆ. ಲಾಭದ ಮೂಲವನ್ನು ಸಂಶೋಧಕರು ಕಂಡದ್ದು ಪಾಠ ಮಕ್ಕಳ ಮಟ್ಟಕ್ಕೆ ಹತ್ತಿರವಾದದ್ದರಲ್ಲಿ. ಮುಂಬಯಿಯಲ್ಲೇ ಹುಟ್ಟಿದ ‘ಪ್ರಥಮ್’ ಸಂಸ್ಥೆ ಹಿಂದುಳಿದ ಮಕ್ಕಳ ಜೊತೆ ಮಾಡುತ್ತ ಬಂದಿರುವುದೂ ಇದನ್ನೇ: ದಿನದ ಒಂದಷ್ಟು ಹೊತ್ತು ವಯಸ್ಸಿನ ಬದಲು ಮಟ್ಟ ನೋಡಿ ಕೂರಿಸುವುದು. ಹಿಂದಿರುವವರಿಗೆ ನ್ಯಾಯವಾದದ್ದು ಮುಂದಿರುವವರಿಗೆ ಅನ್ಯಾಯ ಹೇಗಾದೀತು? ಎಲ್ಲ ಮಕ್ಕಳೂ ಪ್ರತಿಭಾವಂತರೇ ಎಂದು ಸಿಹಿಮಾತಾಡಿ ಈ ಹಕ್ಕನ್ನು ತೇಲಿಸುವವರ ಜೊತೆ ನನ್ನ ಒಪ್ಪಿಗೆಯಿಲ್ಲ. ಭಿನ್ನರಾಶಿ ಗೊತ್ತಿರುವ ಮಗುವಿಗೆ ಮತ್ತೆ ಕೂಡಿಸುವ ಲೆಕ್ಕ ಕೊಡುವುದು ಸಮಾನತೆಯಲ್ಲ, ಅಲಕ್ಷ್ಯ. ಆದರೆ ಆ ಮಗು ಗಣಿತದಲ್ಲಿ ಎರಡು ವರ್ಷ ಮುಂದಿದ್ದು ಬರವಣಿಗೆಯಲ್ಲಿ ತನ್ನ ವಯಸ್ಸಿನಷ್ಟೇ, ಆಟದ ಮೈದಾನದಲ್ಲಿ ಇನ್ನೂ ಹಿಂದೆ ಇರಬಹುದು. ಇಡೀ ಮಗುವನ್ನು ಎತ್ತಿ ಬೇರೆಡೆ ಇಟ್ಟರೆ ಒಂದಕ್ಕಾಗಿ ಉಳಿದದ್ದೆಲ್ಲ ಅಲುಗುತ್ತದೆ.

ಈ ಊರುಗಳಲ್ಲಿ ಅಲುಗುವ ಮೊದಲ ವಸ್ತು ಹೊತ್ತು. ಡೊಂಬಿವಲಿಯ ಮಗುವನ್ನು ಥಾಣೆಯ ಹೆಸರಾಂತ ಶಾಲೆಗೆ, ಕಲ್ಯಾಣದ ಮಗುವನ್ನು ನವಿ ಮುಂಬಯಿಗೆ ಕಳಿಸುವುದೆಂದರೆ ಶಿಳ್‌ಫಾಟಾದ ದಾರಿಯ ಟ್ರಾಫಿಕ್ಕಿಗೆ ಬಾಲ್ಯದ ಒಂದು ಪಾಲು ಬರೆದುಕೊಟ್ಟಂತೆ. ಆರರಿಂದ ಹನ್ನೆರಡರವರೆಗಿನ ಮಕ್ಕಳಿಗೆ ದಿನಕ್ಕೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕೆಂಬುದು ನಿದ್ರಾವೈದ್ಯರ ಸಲಹೆ. ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಶುರುವಾಗಬಾರದೆಂದು ಆದೇಶ ಹೊರಡಿಸಿದ್ದೂ ಈ ನಿದ್ದೆಯ ಚಿಂತೆಯಿಂದಲೇ. ಶಾಲೆ ಒಂಬತ್ತಕ್ಕಾದರೂ ಬಸ್ಸು ಏಳೂವರೆಗೆ ಬಂದರೆ ಆ ಆದೇಶ ಮಗುವಿಗೆ ತಲುಪಲಿಲ್ಲ. ಬುದ್ಧಿವಂತ ಮಗುವಿಗೆ ಬೇರೆ ಮಕ್ಕಳಿಗಿಂತ ಹೆಚ್ಚಾಗಿ ಬೇಕಾದದ್ದೊಂದಿದ್ದರೆ ಅದು ಯಾರೂ ಕೆಲಸ ಹಚ್ಚದ ಹೊತ್ತು: ಸಿಕ್ಕಿದ ಪುಸ್ತಕ ಓದಲು, ಇರುವೆ ಸಾಲಿನ ಹಿಂದೆ ಹೋಗಲು, ಸುಮ್ಮನೆ ಬೇಸರಪಡಲು. ಆಯ್ದ ಶಾಲೆ ಮೊದಲು ಕಸಿಯುವುದು ಇದನ್ನೇ, ಉಳಿದದ್ದನ್ನು ಕ್ಲಾಸುಗಳು ಕಸಿಯುತ್ತವೆ. ಐಐಟಿಯ ಪರೀಕ್ಷೆ ಹನ್ನೆರಡನೆಯ ತರಗತಿಯ ಮಾತು; ಅದಕ್ಕೆ ಎರಡನೇ ತರಗತಿಯಿಂದ ಓಡಬೇಕೆನ್ನುವುದು ಕ್ಲಾಸು ನಡೆಸುವವರ ಲೆಕ್ಕಾಚಾರ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಮನೆಯಲ್ಲಿ ಪುಸ್ತಕವಿಲ್ಲದ, ಓದಿಸುವವರಿಲ್ಲದ ಮಗುವಿಗೆ ಆಯ್ಕೆಯೇ ಏಣಿ, ಅದನ್ನೂ ಕಿತ್ತುಕೊಳ್ಳುವಿರಾ ಎಂದು. ನವೋದಯ ವಿದ್ಯಾಲಯದ ಮಟ್ಟಿಗೆ ಈ ಮಾತು ನಿಜ. ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ, ಊಟ ವಸತಿ ಉಚಿತ; ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯೂ ಪರೀಕ್ಷೆಯ ಮೂಲಕ ಆರಿಸಿ ಉಚಿತವಾಗಿ ಓದಿಸುತ್ತದೆ. ಅಂಥ ಏಣಿಗಳ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಇಲ್ಲಿ ಚರ್ಚೆಯಲ್ಲಿರುವ ಏಣಿಯ ಮೊದಲ ಮೆಟ್ಟಿಲೇ ಎಷ್ಟೋ ಲಕ್ಷ ರೂಪಾಯಿಯ ಎತ್ತರದಲ್ಲಿದೆ. ಬಡ ಮಗುವನ್ನು ಗುರುತಿಸುವ ಮನಸ್ಸಿದ್ದರೆ ದಾರಿಯೂ ಇದೆ. ಫ್ಲೋರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆ 2005ರಲ್ಲಿ ತಂದೆತಾಯಿ, ಶಿಕ್ಷಕರ ಶಿಫಾರಸಿಗೆ ಕಾಯದೆ ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸಿತು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಬಡವರ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಹೆಸರುಗಳು ಪಟ್ಟಿಗೆ ಬಂದವು ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಜೂಲಿಯಾನೊ ತೋರಿಸಿದ್ದಾರೆ. ಅದೇ ಜಿಲ್ಲೆಯಲ್ಲಿ, ಅದೇ ಶಾಲೆಯೊಳಗೆ ತೆರೆದ ಮುಂದುವರಿದ ವರ್ಗದಿಂದ ಹೆಚ್ಚು ಲಾಭ ಪಡೆದವರೂ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳೇ. ಹುಡುಕಬೇಕಾದ್ದು ಎಲ್ಲರ ನಡುವೆ, ಕಲಿಸಬೇಕಾದ್ದು ಇದ್ದಲ್ಲೇ.

ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರ್ ಇದನ್ನೆಲ್ಲ ಹೇಗೆ ಮಾಡಿಯಾರು ಎಂಬುದು ಹಾರಿಕೆಯ ಪ್ರಶ್ನೆಯಲ್ಲ. ಆಗದು, ಒಬ್ಬರಿಂದ ಆಗದು. ಅಮೆರಿಕದ ಜಾಪ್ಲಿನ್ ಎಂಬ ಊರಿನ ಶಾಲೆಗಳು 1950ರ ದಶಕದಲ್ಲಿ ಇದಕ್ಕೆ ಒಂದು ಸರಳ ಉಪಾಯ ಹುಡುಕಿದ್ದವು. ನಾಲ್ಕು, ಐದು, ಆರನೇ ತರಗತಿಗಳ ಓದಿನ ಪೀರಿಯಡನ್ನು ಒಂದೇ ಹೊತ್ತಿಗೆ ಇಟ್ಟು, ಆ ಗಂಟೆಯಲ್ಲಿ ಮಕ್ಕಳು ತಮ್ಮ ತರಗತಿ ಬಿಟ್ಟು ತಮ್ಮ ಮಟ್ಟದ ಕೋಣೆಗೆ ಹೋಗುವುದು, ಗಂಟೆ ಮುಗಿದೊಡನೆ ಗೆಳೆಯರ ಬಳಿಗೆ ಮರಳುವುದು. ಇದಕ್ಕೆ ಹೊಸ ಕಟ್ಟಡ, ಹೊಸ ಫೀಸು ಯಾವುದೂ ಬೇಡ, ಟೈಮ್‌ಟೇಬಲ್ ತಿದ್ದಬೇಕು. ಪ್ರವೇಶಕ್ಕೆ ಜರಡಿ ಹಿಡಿಯದಿರುವುದರಿಂದ 13ನೇ ಸೆಕ್ಷನ್ನಿಗೂ ಅಡ್ಡಿಯಿಲ್ಲ. ಗಣಿತಕ್ಕೆ ಇಂದು ಮೇಲಿನ ಕೋಣೆಗೆ ಹೋಗದ ಮಗು ಮುಂದಿನ ತಿಂಗಳು ಹೋಗಬಹುದು. ಶಾಲೆ ನೋಡಲು ಹೋದ ತಂದೆತಾಯಿ ಈಜುಕೊಳ, ಸ್ಮಾರ್ಟ್‌ಬೋರ್ಡ್ ನೋಡಿ ಬರುವ ಬದಲು ಒಂದು ಪ್ರಶ್ನೆ ಕೇಳಲಿ: ಮೂರನೇ ತರಗತಿಯ ಮಗುವಿಗೆ ಐದನೆಯದರ ಗಣಿತ ಬರುತ್ತಿದ್ದರೆ ನೀವು ಏನು ಮಾಡುತ್ತೀರಿ? ಉತ್ತರವಿಲ್ಲದ ಶಾಲೆಗೆ ಎಷ್ಟು ಹೆಸರಿದ್ದರೂ ಪ್ರಯೋಜನವಿಲ್ಲ. ಉತ್ತರವಿದ್ದರೆ ನಡೆದು ಹೋಗುವ ದೂರದ ಸಾಧಾರಣ ಶಾಲೆಯೇ ಸಾಕು. ಡೊಂಬಿವಲಿಯ ಕರ್ನಾಟಕ ಸಂಘಕ್ಕೆ ತನ್ನದೇ ಮಂಜುನಾಥ ವಿದ್ಯಾಲಯವಿದೆ, ಥಾಣೆಯ ನವೋದಯ ಕನ್ನಡ ಸೇವಾ ಸಂಘವೂ ಶಾಲೆ ನಡೆಸುತ್ತದೆ. ಸದಸ್ಯರು ಮಹಾಸಭೆಯಲ್ಲಿ ಎದ್ದು ನಿಂತು ಮಾತಾಡಬಹುದಾದ ಶಾಲೆಗಳಿವು, ಲಕ್ಷ ಕೊಟ್ಟರೂ ಬೇರೆಡೆ ಸಿಗದ ಸವಲತ್ತು ಅದು. ಗಣಿತದ ಪೀರಿಯಡ್ ಮೂರು ತರಗತಿಗಳಿಗೂ ಒಂದೇ ಹೊತ್ತಿಗೆ ಇರಲಿ ಎಂಬ ಬೇಡಿಕೆಯನ್ನು ಮೊದಲು ಅಲ್ಲಿಡಬಹುದು.