ಸ್ಪೆಷಲೈಸೇಷನ್ ಆರಿಸುವ ಮುನ್ನ

ಎಂಬಿಎ ಮೊದಲ ವರ್ಷ ಮುಗಿಯುತ್ತಾ ಬಂದಂತೆ ವಿದ್ಯಾರ್ಥಿಗಳ ಬಾಯಲ್ಲಿ ಒಂದೇ ಪ್ರಶ್ನೆ: "ಯಾವ ಸ್ಪೆಷಲೈಸೇಷನ್ ತಗೊಂಡ್ರೆ ಪ್ಲೇಸ್‌ಮೆಂಟ್ ಚೆನ್ನಾಗಿ ಆಗುತ್ತೆ?" ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಆಮೇಲೆ ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್, ಬಿಸಿನೆಸ್ ಅನಲಿಟಿಕ್ಸ್ ಎಂದು ದಾರಿ ಕವಲೊಡೆಯುತ್ತದೆ. ಒಂದರ ಜೊತೆಗೆ ಇನ್ನೊಂದನ್ನು ಓದುವ ಅವಕಾಶವೂ ಹಲವು ಕಡೆ ಇದೆ. ಸಾಲ ಮಾಡಿ ಮಕ್ಕಳನ್ನು ಓದಿಸುವ ಮನೆಗಳಲ್ಲಿ ಕೆಲಸದ ಚಿಂತೆ ಸಹಜ. ಅದನ್ನು ಹಗುರವಾಗಿ ಕಾಣಬಾರದು.

ಆದರೆ ಇಂದಿನ ಬೇಡಿಕೆಯೊಂದನ್ನೇ ನೆಚ್ಚಿಕೊಂಡರೆ ಅದು ಎಷ್ಟು ದಿನ ಕೈಹಿಡಿದೀತು? 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾದಾಗ, ಎಲ್ಲರೂ ಹಾತೊರೆಯುತ್ತಿದ್ದ ಹೂಡಿಕೆ ಬ್ಯಾಂಕುಗಳಲ್ಲೇ ಕೆಲಸಕ್ಕೆ ಕುತ್ತು ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ, ವ್ಯಾಟ್ ಮತ್ತು ಸೇವಾ ತೆರಿಗೆಯಲ್ಲಿ ಪಳಗಿದವರು ಮತ್ತೆ ಪುಸ್ತಕ ಹಿಡಿಯಬೇಕಾಯಿತು. ಆದರೆ ಡೆಬಿಟ್, ಕ್ರೆಡಿಟ್‌ಗಳ ಮೂಲತತ್ವ ಅಲುಗಲಿಲ್ಲ. ಇಟಲಿಯ ಲೂಕಾ ಪಚೋಲಿ 1494ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ವಿವರಿಸಿದ್ದೂ ಅದೇ ತತ್ವವನ್ನು. ಮುಖ್ಯ ವಿಷಯವನ್ನು ಆರಿಸುವಾಗ ಇಂಥ ಗಟ್ಟಿ ಬುಡ ಎಲ್ಲಿದೆ, ಅದನ್ನು ಕಲಿಯುವ ಶ್ರಮಕ್ಕೆ ತನ್ನ ಮನಸ್ಸು ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಮುಖ್ಯ ವಿಷಯದ ಜೊತೆಗೆ ಓದುವ ಎರಡನೆಯ ವಿಷಯವು, ಆ ವಿದ್ಯೆಯನ್ನು ಯಾರ ನಡುವೆ ಬಳಸುತ್ತೇವೆ ಎಂಬುದನ್ನು ತಿಳಿಸಿಕೊಡುವಂತಿರಬೇಕು. ಬ್ಯಾಂಕಿನ ಸಾಲ ವಿಭಾಗದ ಒಬ್ಬ ಯುವ ಅಧಿಕಾರಿಯನ್ನು ನೆನೆಯಿರಿ. ಅವಳ ಮೇಜಿನ ಮೇಲೆ ಗಂಗಾವತಿಯ ಕಡೆಯ ಅಕ್ಕಿ ಗಿರಣಿಯೊಂದರ ಫೈಲು. ಸಾಲದ ಬಾಕಿ ಒಮ್ಮೆಲೇ ಏರಿದೆ. ಅಂಕಿಯನ್ನಷ್ಟೇ ನೋಡಿದರೆ ಗಾಬರಿಯಾದೀತು. ಕೃಷಿ ಮಾರುಕಟ್ಟೆಯನ್ನೂ ಓದಿದ್ದರೆ, ಕೊಯ್ಲಿನ ಕಾಲದಲ್ಲಿ ಭತ್ತ ಕೊಳ್ಳಲು ಸಾಲ ಏರುತ್ತದೆ, ಅಕ್ಕಿ ಮಾರಾಟವಾದಂತೆ ಇಳಿಯುತ್ತದೆ ಎಂಬುದು ಅವಳಿಗೆ ಗೊತ್ತಿರುತ್ತದೆ. ಗೋದಾಮಿಗೆ ಹೋಗಿ, ದಾಸ್ತಾನು ಪಟ್ಟಿಯಲ್ಲಿರುವಷ್ಟು ಚೀಲಗಳು ನಿಜಕ್ಕೂ ಇವೆಯೇ ಎಂದು ಎಣಿಸುತ್ತಾಳೆ. ಕಡಿಮೆ ಇದ್ದರೆ ಹಾಗೆಂದೇ ಬರೆಯುವ ಧೈರ್ಯವೂ ಬೇಕು, ಯಾಕೆಂದರೆ ಅವಳು ಸಾಲ ಕೊಡುತ್ತಿರುವುದು ಠೇವಣಿ ಇಟ್ಟ ಸಾವಿರಾರು ಜನರ ದುಡ್ಡು.

ವಾಣಿಜ್ಯದ ಯಾವ ಶಾಖೆ ಹಿಡಿದರೂ ಕೊನೆಗೆ ನಮ್ಮ ಕೈಗೆ ಬರುವುದು ಇನ್ನೊಬ್ಬರ ನಂಬಿಕೆಯೇ. ಕಾರ್ಮಿಕನ ಸಂಬಳದಿಂದ ಹಿಡಿದ ಪಿಎಫ್ ಅವನ ಖಾತೆಗೆ ಸಕಾಲಕ್ಕೆ ಸೇರುವಂತೆ ನೋಡಿಕೊಳ್ಳುವುದು ಎಚ್‌ಆರ್‌ನವರ ಧರ್ಮ. ನಿವೃತ್ತ ಮೇಷ್ಟ್ರಿಗೆ ಬೇಡದ ಪಾಲಿಸಿಯನ್ನು ಗಂಟುಹಾಕದಿರುವುದು ಮಾರ್ಕೆಟಿಂಗ್‌ನವರ ಧರ್ಮ. ಅಂಕಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಆದರೂ ಮೊದಲ ಕೆಲಸ ಸಿಕ್ಕ ನಂತರ ಒಬ್ಬರನ್ನು ಮುಂದೆ ತರುವುದು, ಅಥವಾ ಕೆಡವುವುದು, ಇದೇ.

ತಂದೆತಾಯಂದಿರೇ, ಪ್ಯಾಕೇಜ್ ಎಷ್ಟು ಎಂದು ಖಂಡಿತ ವಿಚಾರಿಸಿ. ಜೊತೆಗೆ, "ಈ ಕೆಲಸದಲ್ಲಿ ಯಾರು ನಿನ್ನನ್ನು ನಂಬಿರುತ್ತಾರೆ?" ಎಂದೂ ಮಗಳನ್ನು, ಮಗನನ್ನು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡ ಮೇಲೆ ಅವರು ಯಾವ ವಿಷಯ ಆರಿಸಿದರೂ ಬೆನ್ನಿಗೆ ನಿಲ್ಲಿ.