ನೆರೆಯವನ ಮೌನ

ಮನೆಯ ಮುಂಭಾಗದ ವಿಷಯದಲ್ಲಿ ನಮಗಿರುವ ಸಂಕೋಚ ಹಿತ್ತಿಲಿನ ವಿಷಯದಲ್ಲಿ ಇರುವುದಿಲ್ಲ. ಮುಂಭಾಗವನ್ನು ಬೀದಿ ನೋಡುತ್ತದೆ. ಹಿತ್ತಿಲನ್ನು ನೋಡುವವನು ನೆರೆಯವನೊಬ್ಬನೇ. ಅಲ್ಲೊಂದು ಕೋಣೆ ಎದ್ದರೆ ಊರಿಗೇನು ನಷ್ಟ ಎಂದು ಕೇಳುತ್ತೇವೆ. ಊರಿಗೆ ನಷ್ಟವಿಲ್ಲದಿರಬಹುದು, ಇದ್ದರೆ ಅದು ಒಬ್ಬನಿಗೆ. ಆ ಒಬ್ಬನ ನಷ್ಟವನ್ನು ಕಾನೂನು ಎಷ್ಟು ಮಟ್ಟಿಗೆ ಗಮನಿಸಬೇಕು? ಕಾನೂನು ಗಮನಿಸದೆ ಬಿಟ್ಟದ್ದನ್ನು ಕಟ್ಟುವವನು ಗಮನಿಸಬೇಕೆ? ಇಂಗ್ಲೆಂಡಿನ ಕಟ್ಟಡ ನಿಯಮಗಳು ಈ ಪ್ರಶ್ನೆಯನ್ನು ಬಿಡಿಸಿರುವ ಬಗೆ ಯೋಚನೆಗೆ ತಕ್ಕದ್ದು. ನಮ್ಮವರ ಎಷ್ಟೋ ಮಕ್ಕಳು ಇಂದು ಆ ದೇಶದಲ್ಲಿ ಮನೆ ಕೊಂಡು ನೆಲೆಸಿರುವುದರಿಂದ ಅದು ನಮಗೆ ತೀರ ದೂರದ ಸಂಗತಿಯೂ ಅಲ್ಲ.

1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ ಅಲ್ಲಿ 1948ರ ಜುಲೈ 1ರಂದು ಜಾರಿಗೆ ಬಂದಿತು. ಅಂದಿನಿಂದ ಸ್ವಂತ ನೆಲದಲ್ಲಿ ಕಟ್ಟುವುದಕ್ಕೂ ಅನುಮತಿ ಬೇಕು. ಆದರೆ ಪ್ರತಿಯೊಂದು ಸಣ್ಣ ಕೋಣೆಗೂ ಅರ್ಜಿ, ನಕ್ಷೆ, ವಿಚಾರಣೆ ಎಂದರೆ ಜನಕ್ಕೂ ಕಷ್ಟ, ಕಚೇರಿಗೂ ಕಷ್ಟ. ಆದಕಾರಣ ಸರ್ಕಾರವೇ ಒಂದು ಸಾಮಾನ್ಯ ಆಜ್ಞೆಯ ಮೂಲಕ ಕೆಲವು ಬಗೆಯ ಕಟ್ಟಡಗಳಿಗೆ ಎಲ್ಲರಿಗೂ ಮುಂಗಡವಾಗಿ ಅನುಮತಿ ಕೊಟ್ಟುಬಿಟ್ಟಿದೆ. ಈಗ ನಡೆಯುತ್ತಿರುವುದು 2015ರ ಆಜ್ಞೆ. ಅದರಂತೆ, ಗೋಡೆಗೆ ಗೋಡೆ ಕೂಡಿದ ಮನೆಯಾದರೆ ಮೂಲ ಹಿಂಗೋಡೆಯಿಂದ 3 ಮೀಟರ್, ಬಿಡಿಮನೆಯಾದರೆ 4 ಮೀಟರ್‌ವರೆಗೆ ಒಂದಂತಸ್ತಿನ ಕೋಣೆಯನ್ನು ಹಿಂದಕ್ಕೆ ಚಾಚಬಹುದು. ಎತ್ತರ 4 ಮೀಟರ್ ಮೀರಕೂಡದು. ಎಲ್ಲೆಗೆ 2 ಮೀಟರ್‌ಗಿಂತ ಸಮೀಪವಾದರೆ ಸೂರಿನ ಅಂಚು 3 ಮೀಟರ್ ಮೀರಕೂಡದು. ಮೂಲ ಮನೆಯ ಸುತ್ತಲಿನ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಟ್ಟಡಗಳು ಆಕ್ರಮಿಸಬಾರದು. ಈ ಮಿತಿಯೊಳಗೆ ಇದ್ದವನನ್ನು ನೆರೆಯವನ ಮಾತೇನು ಎಂದು ಆಜ್ಞೆ ಕೇಳುವುದಿಲ್ಲ.

2013ರಲ್ಲಿ ಈ ಅಳತೆಗಳನ್ನು ತಾತ್ಕಾಲಿಕವಾಗಿ 6 ಮತ್ತು 8 ಮೀಟರ್‌ಗೆ ಏರಿಸಿದರು. 2019ರಲ್ಲಿ ಅದನ್ನೇ ಶಾಶ್ವತಗೊಳಿಸಿದರು. ಅಷ್ಟು ಉದ್ದಕ್ಕೆ ಕಟ್ಟುವವನು ಸ್ಥಳೀಯ ಸಂಸ್ಥೆಗೆ ಮುಂಚೆ ತಿಳಿಸಬೇಕು. ಸಂಸ್ಥೆ ಅಕ್ಕಪಕ್ಕದವರಿಗೆ ಪತ್ರ ಬರೆದು ಕನಿಷ್ಠ 21 ದಿನಗಳ ಕಾಲಾವಕಾಶ ಕೊಡುತ್ತದೆ. ಯಾರಾದರೂ ಆಕ್ಷೇಪಿಸಿದರೆ, ಪಕ್ಕದ ಮನೆಗಳ ಸುಖಸೌಕರ್ಯಕ್ಕೆ ಆಗುವ ಬಾಧೆಯನ್ನು ಅಧಿಕಾರಿಗಳು ತೂಗಿನೋಡುತ್ತಾರೆ. ಯಾರೂ ಆಕ್ಷೇಪಿಸದಿದ್ದರೆ ಆ ತೂಕವೇ ಇಲ್ಲ. ಮೌನವೇ ಸಮ್ಮತಿಯ ಲಕ್ಷಣ ಎಂಬ ನಮ್ಮ ಹಳೆಯ ಮಾತು ಅಲ್ಲಿ ಕಾನೂನಿನ ಪದ್ಧತಿಯಾಗಿದೆ.

ಕಟ್ಟುವವನ ಪಕ್ಷವನ್ನೂ ಕೇಳಬೇಕು. ಸಂಸಾರ ಬೆಳೆಯುತ್ತದೆ. ಮೆಟ್ಟಿಲು ಹತ್ತಲಾರದ ತಾಯಿಗೆ ಕೆಳಗೊಂದು ಕೋಣೆ ಬೇಕಾಗುತ್ತದೆ. ಅದಕ್ಕಾಗಿ ಯಾವನೋ ಅಧಿಕಾರಿಯ ರುಜುವಿಗೆ ತಿಂಗಳುಗಟ್ಟಲೆ ಕಾಯಬೇಕೆಂದರೆ ಸ್ವಂತ ಮನೆ ಎಂಬ ಮಾತಿಗೆ ಅರ್ಥವೇನು ಉಳಿಯಿತು? ಇನ್ನೊಬ್ಬನ ಗೋಡೆ ಏಳುವುದನ್ನು ಕಂಡರಾಗದೆ ತಕರಾರು ಹೂಡುವ ನೆರೆಯವರೂ ಇದ್ದಾರೆ. ಪ್ರಜೆಗಳನ್ನು ನಂಬಿ ಒಂದಿಷ್ಟನ್ನು ಅವರ ವಿವೇಕಕ್ಕೆ ಬಿಡುವ ಕಾನೂನು ಕೆಟ್ಟ ಕಾನೂನಲ್ಲ.

ಆದರೂ ಒಂದು ಗೋಡೆ ಏನನ್ನು ಕಸಿಯಬಲ್ಲದೆಂಬುದನ್ನು ನಾವು ಇಲ್ಲಿ ಕುಳಿತು ಊಹಿಸುವುದು ಕಷ್ಟ. ನಾವು ನೆರಳನ್ನು ಅರಸುವ ಜನ. ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲಿನಲ್ಲಿ ಕೂಡ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. 3 ಮೀಟರ್ ಗೋಡೆಯ ನೆರಳು ಎರಡು ಮೀಟರ್‌ಗಿಂತ ತುಸು ಹೆಚ್ಚು, ಅಷ್ಟೆ. ಲಂಡನ್ನಿನಲ್ಲಿ ಅದೇ ದಿನ ಸೂರ್ಯ ಏರುವುದು ಕೇವಲ 15 ಡಿಗ್ರಿ. ಅದೇ ಗೋಡೆಯ ನೆರಳು ಅಲ್ಲಿ 11 ಮೀಟರ್ ಚಾಚುತ್ತದೆ. ಆ ನೆರಳಿನಡಿ ಸಿಕ್ಕಿದ ಅಡುಗೆಮನೆಯ ಕಿಟಕಿಗೆ ಚಳಿಗಾಲವೆಲ್ಲ ಬಿಸಿಲಿಲ್ಲ. ಕಟ್ಟಿದವನಿಗೆ ಒಂದು ಕೋಣೆ ದಕ್ಕಿತು. ಪಕ್ಕದವಳಿಗೆ ಹಗಲಿನ ಒಂದು ಭಾಗ ಹೋಯಿತು.

ಅವಳು 21 ದಿನ ಸುಮ್ಮನಿದ್ದಳು, ನಿಜ. ಏಕೆ ಸುಮ್ಮನಿದ್ದಳು? ವಯಸ್ಸಾಗಿ ನಕ್ಷೆಯ ಗೆರೆಗಳು ಅರ್ಥವಾಗಲಿಲ್ಲವೋ, ಆ ಭಾಷೆ ಸರಿಯಾಗಿ ಬಾರದೋ, ದಿನಬೆಳಗಾದರೆ ಮುಖ ನೋಡಬೇಕಾದವರೊಡನೆ ಜಗಳವೇಕೆಂದೋ? ಒಪ್ಪಿದವನೂ ಸುಮ್ಮನಿರುತ್ತಾನೆ, ಹೆದರಿದವನೂ ಸುಮ್ಮನಿರುತ್ತಾನೆ. ಕಚೇರಿಯ ಕಡತದಲ್ಲಿ ಎರಡು ಮೌನಗಳೂ ಒಂದೇ.

ಸ್ವಾರಸ್ಯವೇನೆಂದರೆ, ಅದೇ ದೇಶದ ಇನ್ನೊಂದು ಕಾನೂನು ಮೌನಕ್ಕೆ ತದ್ವಿರುದ್ಧವಾದ ಅರ್ಥ ಕೊಟ್ಟಿದೆ. 1996ರ ನಡುಗೋಡೆ ಕಾಯಿದೆಯಂತೆ, ಇಬ್ಬರಿಗೂ ಸೇರಿದ ಗೋಡೆಯನ್ನು ಕೆಣಕುವ ಮುನ್ನ ಅಥವಾ ನೆರೆಯ ಕಟ್ಟಡದ ಹತ್ತಿರ ಅದರ ತಳಪಾಯಕ್ಕಿಂತ ಆಳವಾಗಿ ಅಗೆಯುವ ಮುನ್ನ ನೋಟೀಸು ಕೊಡಬೇಕು. ನೆರೆಯವನು 14 ದಿನಗಳಲ್ಲಿ ಬರವಣಿಗೆಯಲ್ಲಿ ಒಪ್ಪದಿದ್ದರೆ ಅವನು ಒಪ್ಪಲಿಲ್ಲವೆಂದೇ ಲೆಕ್ಕ. ಆಗ ತಜ್ಞ ಸರ್ವೇಯರುಗಳು ಬಂದು ಕೆಲಸ ಹೇಗೆ ನಡೆಯಬೇಕೆಂದು ತೀರ್ಮಾನಿಸುತ್ತಾರೆ. ಖರ್ಚು ಸಾಮಾನ್ಯವಾಗಿ ಕಟ್ಟುವವನದು. ಹೀಗೆ ಗೋಡೆ ಬಿರುಕು ಬಿಡಬಹುದಾದಲ್ಲಿ ಮೌನವೆಂದರೆ ಅಸಮ್ಮತಿ. ಬೆಳಕು ಹೋಗಬಹುದಾದಲ್ಲಿ ಮೌನವೆಂದರೆ ಸಮ್ಮತಿ. ಬಿರುಕನ್ನು ಬೆರಳಿಟ್ಟು ತೋರಿಸಬಹುದು. ಇಲ್ಲದ ಬಿಸಿಲನ್ನು ತೋರಿಸುವುದು ಹೇಗೆ? ಕಾನೂನಿಗೆ ಈ ಭೇದ ಅನಿವಾರ್ಯವಿರಬಹುದು. ಮನುಷ್ಯನಿಗೆ ಅನಿವಾರ್ಯವಲ್ಲ. ಪಕ್ಕದವಳ ಕಿಟಕಿ ಎಲ್ಲಿದೆ, ಅದಕ್ಕೆ ಯಾವ ಹೊತ್ತಿಗೆ ಬಿಸಿಲು ಬರುತ್ತದೆ ಎಂಬುದು ಅಧಿಕಾರಿಗೆ ತಿಳಿಯದಿದ್ದರೂ ಕಟ್ಟುವವನಿಗೆ ತಿಳಿದೇ ಇರುತ್ತದೆ.

ನಮ್ಮಲ್ಲಿ ನಿಯಮದ ರೂಪ ಬೇರೆ. ನಿವೇಶನದ ಅಳತೆಗೆ ತಕ್ಕಂತೆ ಇಷ್ಟು ಜಾಗ ಬಿಡಬೇಕು ಎಂದು ವಿಧಿಸಿದೆ. ಬಿಡದೆ ಕಟ್ಟಿದವರ ಮನೆಗಳನ್ನು ಒಂದು ಮಿತಿಯವರೆಗೆ ಶುಲ್ಕ ಪಡೆದು ಕ್ರಮಬದ್ಧಗೊಳಿಸುವ ‘ಅಕ್ರಮ–ಸಕ್ರಮ’ ಯೋಜನೆ ಬಂದಿತು; 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆ ವಾದವಿವಾದದಲ್ಲಿ ಸರ್ಕಾರದ ಮಾತು ಕೇಳಿಸಿತು, ಮನೆಯೊಡೆಯರ ಮಾತು ಕೇಳಿಸಿತು; ಶುಲ್ಕ ಬೊಕ್ಕಸಕ್ಕೆ ಸೇರಿದರೆ ಗಾಳಿ ಬೆಳಕು ಕಳೆದುಕೊಂಡ ಪಕ್ಕದ ಮನೆಯವನಿಗೆ ಸಂದದ್ದೇನು ಎಂದು ಕೇಳಿದವರು ಎಷ್ಟು ಮಂದಿ?

ಕನ್ನಡದಲ್ಲಿ ‘ನೆರೆ’ ಎಂದರೆ ಪಕ್ಕ. ‘ನೆರೆ’ ಎಂದರೆ ದಂಡೆ ಮೀರಿ ಬಂದ ಹೊಳೆಯ ನೀರೂ ಹೌದು. ಪಕ್ಕದಲ್ಲಿರುವವನು ಯಾವಾಗ ಪ್ರವಾಹವಾಗುತ್ತಾನೆಂಬುದನ್ನು ಮೀಟರುಗಳ ಲೆಕ್ಕವೊಂದೇ ಹೇಳಲಾರದು. ಕಾನೂನು ಅನುಮತಿಯನ್ನು ಕೇಳಬೇಡ ಎಂದಾಗ, ಕೇಳುವ ಅಗತ್ಯ ಇಲ್ಲವಾಗುವುದಿಲ್ಲ. ಅದು ಕಚೇರಿಯಿಂದ ಬೇಲಿಯ ಬಳಿಗೆ ಬರುತ್ತದೆ. ತಳಪಾಯ ತೋಡುವ ಮೊದಲು ನಕ್ಷೆಯನ್ನು ಹಿಡಿದು ಪಕ್ಕದ ಮನೆಗೆ ಹೋಗಿ, ಇದರಿಂದ ನಿಮಗೆ ತೊಂದರೆಯಾದೀತೆ ಎಂದು ಕೇಳುವುದಕ್ಕೆ ಯಾವ ಆಜ್ಞೆಯೂ ಬೇಕಿಲ್ಲ. ಉತ್ತರ ಕೇಳಿದ ಮೇಲೆ ಗೋಡೆಯನ್ನು ಒಂದು ಮೀಟರ್ ಹಿಂದಕ್ಕೆ ಸರಿಸಬೇಕಾಗಿ ಬರಬಹುದು. ಕೋಣೆ ಅಷ್ಟು ಚಿಕ್ಕದಾದೀತು. ಆದರೆ ಆ ಕೋಣೆಯ ಕಿಟಕಿಯಿಂದ ನೆರೆಯವರ ಮುಖವನ್ನು ಸಂಕೋಚವಿಲ್ಲದೆ ನೋಡಬಹುದು.